‘ಬೇ’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವಾಗ, ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ, ಪುಣೆ-ಸೊಲ್ಲಾಪುರದ ಕಡೆಯಿಂದ ಬರುವ ಪತ್ರಗಳಲ್ಲಿ ಈ ಒಂದು ಅಕ್ಷರದ ಬಗ್ಗೆ ಕೇಳುವವರು ಜಾಸ್ತಿ. ಊರಲ್ಲಿದ್ದರೆ ಇಷ್ಟು ಪ್ರಶ್ನೆ ಏಳುತ್ತಿರಲಿಲ್ಲವೇನೋ. ಇಲ್ಲಿ ಬೆಳಗಿನಿಂದ ರಾತ್ರಿಯೊಳಗೆ ನಾಲ್ಕೈದು ಭಾಷೆಗಳ ‘ಬೇ’ ಕಿವಿಗೆ ಬೀಳುತ್ತದೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಲು ಮನೆಯೊಳಗಿನ ‘ಬೇ’

‘ಬೇ’ ಅಂದ್ರ ಏನು ಅಂತ ಒಂದ ಮಾತಿನ್ಯಾಗ ಹೇಳ್ರಿ.

ಒಂದೇ ಮಾತಲ್ಲಿ ಆಗುವುದಿಲ್ಲ. ಯಾಕೆಂದರೆ ಇದು ಒಂದೇ ಪದವಲ್ಲ, ಒಂದೇ ಸದ್ದು. ಉತ್ತರ ಕರ್ನಾಟಕದಲ್ಲಿ ತಾಯಿ, ಅಜ್ಜಿಯನ್ನು ಕರೆಯುವಾಗ ಮಾತಿನ ಕೊನೆಗೆ ಬರುವ ಬೇ ಒಂದು. ಹಿಂದಿಯಲ್ಲಿ ಗಂಡಸರನ್ನು ಏಕವಚನದಲ್ಲಿ ಗದರುವ ಬೇ ಇನ್ನೊಂದು. ಗುಜರಾತಿಯಲ್ಲೂ ಮರಾಠಿ ಮಗ್ಗಿಯಲ್ಲೂ ಬೇ ಎಂದರೆ ಎರಡು. ಬೇಕಾರ್, ಬೇನಾಮಿ ಇಂಥ ಪದಗಳ ಮುಂದೆ ‘ಇಲ್ಲದ’ ಎಂಬ ಅರ್ಥ ಕೊಡುವ ಬೇ ಫಾರಸಿಯದು. ಇವೆಲ್ಲಕ್ಕಿಂತ ಹಳೆಯ ಗುರುತಿನದು, ಕನ್ನಡದ್ದೇ ಆದ ಬೇ: ಅನ್ನ ಬೇಯುತ್ತದಲ್ಲ, ಆ ಬೇ. ಇವುಗಳ ನಡುವೆ ನೆಂಟಸ್ತನ ಇಲ್ಲ.

ನಾನು ಅಜ್ಜಿಗೆ ‘ಏನಬೇ’ ಅಂದ್ರೆ ನಮ್ಮ ಬಿಲ್ಡಿಂಗಿನವರು ನಗ್ತಾರೆ, ಇಲ್ಲಾ ಬೈತಾರೆ. ಹಿರಿಯರಿಗೆ ಹಾಗೆ ಅನ್ನೋದು ತಪ್ಪಾ?

ಖಂಡಿತ ತಪ್ಪಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಇದು ಪ್ರೀತಿಯ ಮಾತು. ‘ಬಾರಬೇ’, ‘ಯಾಕಬೇ’, ‘ಹೌದಬೇ’, ‘ಊಟಾ ಆತೇನಬೇ’. ಮಗ ತಾಯಿಗೆ ಅನ್ನುತ್ತಾನೆ, ಮೊಮ್ಮಗಳು ಅಜ್ಜಿಗೆ ಅನ್ನುತ್ತಾಳೆ, ಸಂತೆಯಲ್ಲಿ ಸೊಪ್ಪು ಮಾರುವ ಹಿರಿಯಳಿಗೆ ‘ಎಷ್ಟಬೇ ಯವ್ವಾ’ ಎಂದು ಕೇಳುತ್ತಾರೆ. ಇದರಲ್ಲಿ ‘ರೀ’ಯ ದೂರ ಇಲ್ಲ, ‘ಲೇ’ಯ ಒರಟುತನವೂ ಇಲ್ಲ. ಹತ್ತಿರದವಳು, ಆದರೆ ಹಿರಿಯಳು ಎಂಬ ಎರಡು ಭಾವವನ್ನೂ ಒಂದೇ ಅಕ್ಷರ ಹೊರುತ್ತದೆ. ಗಂಡಸರಿಗೆ ಇದನ್ನು ಬಳಸುವುದಿಲ್ಲ.

ತೊಂದರೆ ಬರುವುದು ಇಲ್ಲಿಯ ಹಿಂದಿಯಿಂದ. ಪಕ್ಕದ ಮನೆಯವರ ಕಿವಿಗೆ ಬೀಳುವುದು ‘ಕ್ಯಾ ಬೇ’ಯಲ್ಲಿನ ಬೇ. ಕರಾವಳಿ ಕಡೆಯ ಕನ್ನಡದವರಿಗೂ ಇದು ಹೊಸದು, ಅವರೂ ಹುಬ್ಬೇರಿಸುತ್ತಾರೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮಕ್ಕಳು ನಾಚಿಕೊಂಡು ಇದನ್ನು ಬಿಟ್ಟೇ ಬಿಟ್ಟಿದ್ದಾರೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ. ಅಕ್ಕಪಕ್ಕದವರಿಗೆ ಒಂದು ಸಲ ಕೂರಿಸಿ ಹೇಳಿ, ಇದು ಅವ್ವನಿಗೆ ಇರುವ ಮಾತು ಅಂತ. ಮಗುವಿನ ಬಾಯಿ ಮಾತ್ರ ಮುಚ್ಚಿಸಬೇಡಿ.

ಆ ‘ಬೇ’ ಎಲ್ಲಿಂದ ಬಂತು?

‘ಅಬ್ಬೆ’ಯಿಂದ ಬಂತು ಎಂಬುದೇ ನನಗೆ ಸರಿ ಕಾಣುವ ವಿವರಣೆ. ಅಬ್ಬೆ ಎಂದರೆ ತಾಯಿ. ಹಳೆಯ ಶಾಸನಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಗೌರವದಿಂದ ಸೇರುತ್ತಿದ್ದ ಮಾತು ಇದು. ಗದಗದ ಹತ್ತಿರ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರಲ್ಲೇ ಇದೆ ನೋಡಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ತಾಯಿಗೆ ‘ಅಬ್ಬೆ’ ಅನ್ನುತ್ತಾರೆ.

ಇದಕ್ಕೆ ಆಧಾರ ಮಾತಿನ ಜೋಡಣೆಯಲ್ಲೇ ಸಿಗುತ್ತದೆ. ಧಾರವಾಡದ ಕಡೆ ಗಂಡಸರಿಗೆ ‘ಏನಪಾ’, ‘ಬಾರಪಾ’ ಅನ್ನುತ್ತಾರೆ. ಆ ‘ಪಾ’ ಬಂದದ್ದು ಅಪ್ಪನಿಂದ. ಹೆಣ್ಣುಮಕ್ಕಳಿಗೆ ‘ಏನವಾ’, ‘ಬಾರವಾ’. ಆ ‘ವಾ’ ಅವ್ವನಿಂದ. ಅದೇ ಸಾಲಿನಲ್ಲಿ ‘ಏನಬೇ’ ಇಟ್ಟು ನೋಡಿ, ಅಬ್ಬೆ ತಾನಾಗೇ ಕಾಣಿಸುತ್ತಾಳೆ.

## ಮನೆ ದಾಟಿ ಹೊರಗೆ

ಲೋಕಲ್‌ನಲ್ಲಿ ‘ಕ್ಯಾ ಬೇ’, ‘ಚಲ್ ಬೇ’ ಅಂತಾರಲ್ಲ, ಅದನ್ನ ಗೆಳೆಯರಿಗೆ ಅನ್ನಬಹುದಾ?

ಸಲಿಗೆ ಇದ್ದ ಗೆಳೆಯರ ನಡುವೆ ಅದು ನಡೆಯುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗುರುತಿಲ್ಲದವರಿಗೆ, ಹಿರಿಯರಿಗೆ, ರಿಕ್ಷಾದವರಿಗೆ ಅಂದರೆ ಜಗಳವೇ. ಇದು ‘ಅಬೇ’ಯ ಗಿಡ್ಡ ರೂಪ. ನಾಗಪುರ, ವಿದರ್ಭದ ಮರಾಠಿಯಲ್ಲಿ ‘ಕಾ ಬೇ’ ದಿನಬಳಕೆಯ ಮಾತು. ಪುಣೆಯ ಹಾಸ್ಟೆಲ್‌ಗಳಲ್ಲಿ ಆ ಕಡೆಯ ಹುಡುಗರ ಬಾಯಲ್ಲಿ ಕೇಳಿಸುವುದು ಅದೇ.

ಮಗಳು ಮರಾಠಿ ಶಾಲೆಗೆ ಹೋಗ್ತಾಳೆ. ‘ಬೇ ಏಕೆ ಬೇ’ ಅಂತ ಮಗ್ಗಿ ಹೇಳ್ತಾಳೆ. ಮರಾಠಿಯಲ್ಲಿ ಎರಡಕ್ಕೆ ‘ದೋನ್’ ಅಲ್ವಾ?

ಅಂಗಡಿಯಲ್ಲಿ ದೋನ್, ಮಗ್ಗಿಯಲ್ಲಿ ಬೇ. ‘ಬೇ ಏಕೆ ಬೇ, ಬೇ ದುಣೇ ಚಾರ್, ಬೇ ತ್ರಿಕ್ ಸಹಾ.’ ನಾವು ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಅಂದ ಹಾಗೆ. ಬಾಯಿಪಾಠದಲ್ಲಿ ಹಳೆಯ ರೂಪಗಳು ಗಟ್ಟಿಯಾಗಿ ಉಳಿಯುತ್ತವೆ. ರಾಗಕ್ಕೆ ಕೂತ ಮಾತನ್ನು ಯಾರೂ ಬದಲಾಯಿಸುವುದಿಲ್ಲ.

ಸಂಸ್ಕೃತದ ‘ದ್ವೇ’ ಪ್ರಾಕೃತದಲ್ಲಿ ‘ಬೇ’ ಆಯಿತು. ‘ದ್’ ಬಿದ್ದುಹೋಯಿತು, ‘ವ’ ‘ಬ’ ಆಯಿತು. ದ್ವಾದಶ ‘ಬಾರಾ’ ಆದದ್ದೂ ಇದೇ ದಾರಿಯಲ್ಲಿ. ಮರಾಠಿಯ ಬಾವೀಸ್, ಬತ್ತೀಸ್, ಬೇಚಾಳೀಸ್, ಬಾವನ್ನ ಎಲ್ಲದರ ತಲೆಯ ಮೇಲೆ ಕೂತಿರುವುದು ಆ ಎರಡೇ. ಗುಜರಾತಿಯಲ್ಲಿ ಮಾತ್ರ ಬೇ ಇಂದಿಗೂ ಪೂರ್ತಿ ಪದ. ಘಾಟ್‌ಕೋಪರ್‌ನ ಗುಜರಾತಿ ಅಂಗಡಿಯಲ್ಲಿ ‘ಬೇ ಕಿಲೋ’ ಅಂದರೆ ಎರಡು ಕಿಲೋ.

ಉರ್ದುವಿನಲ್ಲೂ ‘ಬೇ’ ಎರಡೇ ಅಂತೆ, ಹೌದಾ?

ಅದು ಅಕ್ಷರದ ಹೆಸರು. ಅಲಿಫ್, ಬೇ, ಪೇ, ತೇ. ಅರಬ್ಬಿಯ ಹಳೆಯ ಎಣಿಕೆಯ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಅಲಿಫ್‌ಗೆ 1, ಬೇಗೆ 2. ಮುಂಬಯಿ ಟ್ಯಾಕ್ಸಿಗಳ ಗಾಜಿನ ಮೇಲೆ 786 ಬರೆದಿರುವುದನ್ನು ನೋಡಿರುತ್ತೀರಿ. ‘ಬಿಸ್ಮಿಲ್ಲಾ’ ಎಂದು ಶುರುವಾಗುವ ಪೂರ್ತಿ ವಾಕ್ಯದ ಅಕ್ಷರಗಳ ಬೆಲೆ ಕೂಡಿಸಿದರೆ ಬರುವ ಮೊತ್ತ ಅದು. ಅದರ ಮೊದಲ ಅಕ್ಷರವೇ ಬೇ. ಮರಾಠಿಯ ಎರಡಕ್ಕೂ ಇದಕ್ಕೂ ಹೊಂದಿಕೆ ಕಾಣುವುದು ಕಾಕತಾಳೀಯ, ಅಷ್ಟೇ.

ಬಾಂಬೇಯಲ್ಲಿರೋ ‘ಬೇ’ ಸಮುದ್ರದ ಬೇ ತಾನೇ?

ಇಲ್ಲಿನ ‘ಬ್ಯಾಕ್ ಬೇ’ ಎಂಬ ಜಾಗದ ಹೆಸರಲ್ಲಿರುವುದು ಇಂಗ್ಲಿಷಿನ ಬೇ, ಕೊಲ್ಲಿ ಎಂಬರ್ಥದ್ದು. ಬಾಂಬೇಯದು ಹಾಗಲ್ಲ. ಪೋರ್ಚುಗೀಸರು ‘ಬೊಂಬಾಯಿಮ್’ ಎಂದು ಬರೆದಿದ್ದನ್ನು ಇಂಗ್ಲಿಷರು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ‘ಒಳ್ಳೆಯ ಕೊಲ್ಲಿ’ ಎಂಬರ್ಥದ ‘ಬೊಮ್ ಬಾಯಿಯಾ’ದಿಂದ ಈ ಹೆಸರು ಬಂತು ಎಂದು ಹೇಳುವುದುಂಟು. ಆದರೆ ಪೋರ್ಚುಗೀಸಿನಲ್ಲಿ ಕೊಲ್ಲಿ ಸ್ತ್ರೀಲಿಂಗ. ಅದು ‘ಬೋವಾ ಬಾಯಿಯಾ’ ಆಗಬೇಕಿತ್ತು. ಮುಂಬಾದೇವಿಯ ಹೆಸರಿಗೆ ತಾಯಿ ಎಂಬರ್ಥದ ಮರಾಠಿಯ ‘ಆಯೀ’ ಸೇರಿ ಮುಂಬಯಿ ಆಯಿತು ಎಂಬುದನ್ನೇ ಇಲ್ಲಿನವರು ನಂಬುತ್ತಾರೆ. 1995ರಲ್ಲಿ ಸರ್ಕಾರಿ ಹೆಸರೂ ಮುಂಬಯಿ ಆಯಿತು. ನಮ್ಮ ಕರಾವಳಿಯ ಹಿರಿಯರು ಮೊದಲಿಂದಲೂ ‘ಬೊಂಬಾಯಿ’ ಅನ್ನುತ್ತಿದ್ದರು.

## ಪದದ ಮುಂದೆ ಬರುವ ‘ಬೇ’

ಸ್ಟೇಷನ್ನಲ್ಲಿ ‘ಬೇವಾರಸ್ ವಸ್ತು’ ಅಂತ ಮೈಕಲ್ಲಿ ಹೇಳ್ತಾರೆ. ಊರಿಂದ ಬಂದ ಮಾವ ಗಾಬರಿಯಾದ್ರು. ಇದು ಬೈಗುಳ ಅಲ್ವಾ?

ಬೈಗುಳ ಆಗಿದ್ದು ಆಮೇಲೆ. ‘ವಾರಿಸ್’ ಅಂದರೆ ಅರಬ್ಬಿಯಲ್ಲಿ ಆಸ್ತಿಗೆ ಹಕ್ಕುದಾರ. ಅದರ ಮುಂದೆ ಫಾರಸಿಯ ‘ಬೇ’, ಅಂದರೆ ‘ಇಲ್ಲದ’. ಹಕ್ಕುದಾರರಿಲ್ಲದ ಆಸ್ತಿ, ಯಾರೂ ಕೇಳುವವರಿಲ್ಲದ ಸಾಮಾನು ಬೇವಾರಸ್. ಕಚೇರಿಯ ಕಾಗದದಲ್ಲಿ ಇದು ತಣ್ಣಗಿನ ಮಾತು. ಮರಾಠಿಯಲ್ಲಿ ಹಾಗೇ ಉಳಿದಿದೆ. ಪ್ಲಾಟ್‌ಫಾರಂ ಮೇಲೆ ಬಿಟ್ಟುಹೋದ ಚೀಲವನ್ನು ಮುಟ್ಟಬೇಡಿ ಎನ್ನುವಾಗ ಅದನ್ನೇ ಬಳಸುತ್ತಾರೆ. ಕನ್ನಡದಲ್ಲಿ ಅದು ಮನುಷ್ಯರ ಮೇಲೆ ತಿರುಗಿತು. ಅಪ್ಪ-ಅಮ್ಮ ಇಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬ ಚುಚ್ಚು ಸೇರಿಕೊಂಡು ‘ಬೇವರ್ಸಿ’ ಆಯಿತು. ಅನಾಥತನವನ್ನೇ ಬೈಗುಳ ಮಾಡಿದ ಮಾತು ಇದು. ಮಕ್ಕಳ ಬಾಯಿಗೆ ಬರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಬೇ ಇಂದ ಶುರುವಾದ ಪದ ಎಲ್ಲಾ ಫಾರಸಿನಾ? ಗುರುತಿಸೋದು ಹೇಗೆ?

ಎಲ್ಲಾ ಅಲ್ಲ. ಕನ್ನಡದ್ದೇ ಬೇಕಾದಷ್ಟಿವೆ. ಮೊದಲು ‘ಬೇ’ ತೆಗೆದು ನೋಡಿ. ಉಳಿದದ್ದು ತಾನೇ ಒಂದು ಪದವಾಗಿ ನಿಂತರೆ, ಅರ್ಥವೂ ತಿರುಗುಮುರುಗಾದರೆ, ಅದು ಫಾರಸಿಯ ಬೇ. ಕಾರ್ ಅಂದರೆ ಕೆಲಸ, ಕೆಲಸವಿಲ್ಲದ್ದು ಬೇಕಾರ್. ನಾಮ್ ಹೆಸರು, ತನ್ನ ಹೆಸರಿಲ್ಲದೆ ಬೇರೆಯವರ ಹೆಸರಲ್ಲಿ ಮಾಡಿದ ಆಸ್ತಿ ಬೇನಾಮಿ. 1988ರಲ್ಲಿ ಇದರ ಮೇಲೆ ಕೇಂದ್ರದ ಕಾಯ್ದೆ ಬಂತು, 2016ರಲ್ಲಿ ಬಿಗಿಯಾಯಿತು. ಶಕ್ ಅಂದರೆ ಅನುಮಾನ, ಅನುಮಾನವೇ ಇಲ್ಲದೆ ‘ಬೇಶಕ್’. ಬಾಕಿ ಇಲ್ಲದ್ದು ಬೇಬಾಕಿ. ಸಾಲ ತೀರಿಸಿದ ಮೇಲೆ ಬ್ಯಾಂಕಿನಿಂದ ತರುವ ಕಾಗದದ ಹೆಸರು ಬೇಬಾಕಿ ಪ್ರಮಾಣಪತ್ರ. ಬೇಜವಾಬ್ದಾರಿ, ಬೇಫಿಕೀರ್, ಬೇಹೋಷ್, ಬೇವಕೂಫ್ ಕೂಡ ಇದೇ ಬಗೆ.

ಬೇರು, ಬೇಲಿ, ಬೇವು, ಬೇಟೆ, ಬೇರೆ, ಬೇಕು, ಬೇಡ ಇವು ದ್ರಾವಿಡ ಮೂಲದವು. ತಮಿಳಿನ ‘ವೇರ್’ ನಮ್ಮಲ್ಲಿ ‘ಬೇರು’, ಅಲ್ಲಿಯ ‘ವೇಲಿ’ ಇಲ್ಲಿಯ ‘ಬೇಲಿ’. ಪದದ ಮೊದಲಿನ ‘ವ’ ಕನ್ನಡದಲ್ಲಿ ‘ಬ’ ಆಗುವ ಅಭ್ಯಾಸ ಇರುವುದರಿಂದಲೇ ನಮ್ಮಲ್ಲಿ ಬೇ ಇಷ್ಟು ತುಂಬಿರುವುದು. ಸಂಸ್ಕೃತದಿಂದ ಬಂದವೂ ಇದೇ ದಾರಿ ಹಿಡಿದವು: ವೇಗ ‘ಬೇಗ’ ಆಯಿತು, ವೇದನೆ ‘ಬೇನೆ’, ವ್ಯವಸಾಯ ‘ಬೇಸಾಯ’.

ಈ ಪರೀಕ್ಷೆ ಕೆಲವು ಕಡೆ ಮೋಸ ಮಾಡುತ್ತದೆ. ‘ಗಮ್’ ಅಂದರೆ ದುಃಖ, ದುಃಖವಿಲ್ಲದವಳು ಬೇಗಂ ಎಂದು ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ನಿಜವಲ್ಲ. ಬೇಗಂ ತುರ್ಕಿ ಮಾತು, ‘ಬೇಗ್’ ಎಂಬ ಬಿರುದಿನ ಹೆಣ್ಣುರೂಪ. ಹಿಂದಿಯ ‘ಬೇಹತರ್’ ಕೂಡ ಹಾಗೇ: ‘ಬೇಹ್’ ಒಳ್ಳೆಯದು, ‘ಬೇಹತರ್’ ಇನ್ನೂ ಒಳ್ಳೆಯದು. ‘ಬೇಷ್!’ ಎಂದು ಬೆನ್ನು ತಟ್ಟುತ್ತೇವಲ್ಲ, ಅಲ್ಲೂ ‘ಇಲ್ಲ’ ಇಲ್ಲ. ಅದು ‘ಹೆಚ್ಚು’ ಎಂಬರ್ಥದ ಫಾರಸಿ ಮಾತು.

ಬೇಸರ, ಬೇಜಾರು ಎರಡೂ ಒಂದೇ ಪದದ ಎರಡು ಉಚ್ಚಾರ ಅಲ್ವಾ?

ಹೆಚ್ಚಿನವರು ಹಾಗೇ ತಿಳಿದಿದ್ದಾರೆ. ಅಲ್ಲ. ಬೇಸರ ನಮ್ಮದು. ಹಳಗನ್ನಡದಲ್ಲಿ ‘ಬೇಸಱು’, ತಮಿಳಿನಲ್ಲಿ ‘ವೇಸಱು’, ಬಳಲು ಎಂಬರ್ಥ. ಬೇಜಾರು ಫಾರಸಿಯ ‘ಬೇಜಾರ್’, ಸಾಕಾಗಿಹೋದ ಎಂಬರ್ಥ. ಎಲ್ಲೋ ಹುಟ್ಟಿದ ಎರಡು ಪದ ಇಲ್ಲಿ ಅಕ್ಕತಂಗಿಯರಂತೆ ಬಾಳುತ್ತಿವೆ. ಆದರೂ ಬಳಕೆಯಲ್ಲಿ ಸಣ್ಣ ವ್ಯತ್ಯಾಸ ಇದೆ. ‘ಅವಳು ಬೇಸರದಲ್ಲಿದ್ದಾಳೆ’ ಅಂದರೆ ಮನಸ್ಸು ಭಾರ. ‘ಬೇಜಾರು, ಟೈಂ ಹೋಗ್ತಿಲ್ಲ’ ಅನ್ನುವುದು ಬೇರೆ. ಬರೆಯುವಾಗ ಬೇಸರ, ಮಾತಾಡುವಾಗ ಬೇಜಾರು ಎಂದು ಹಂಚಿಕೊಂಡವರೂ ಬಹಳ.

ಸಂಗೀತದವರು ‘ಬೇಸೂರ್’, ‘ಬೇತಾಲ್’ ಅಂತಾರೆ. ಸುರ್, ತಾಲ್ ಸಂಸ್ಕೃತ ಅಲ್ವಾ? ಫಾರಸಿ ಬೇ ಅಲ್ಲಿ ಹೇಗೆ ಬಂತು?

ಚೆನ್ನಾಗಿ ಗಮನಿಸಿದ್ದೀರಿ. ಸ್ವರ ‘ಸುರ್’ ಆಯಿತು, ತಾಳ ‘ತಾಲ್’ ಆಯಿತು, ಅವುಗಳ ಮುಂದೆ ಫಾರಸಿಯ ಬೇ ಬಂದು ಕೂತಿತು. ಹಿಂದೂಸ್ತಾನಿ ಸಂಗೀತ ದರ್ಬಾರುಗಳಲ್ಲಿ ಬೆಳೆದದ್ದು, ಅಲ್ಲಿ ಎರಡೂ ಭಾಷೆ ಒಟ್ಟಿಗೇ ಓಡಾಡುತ್ತಿದ್ದವು. ಮರಾಠಿಯಲ್ಲಿ ಇಂಥ ಬೆರಕೆ ಇನ್ನೂ ಇವೆ: ಬೇಭಾನ್ ಅಂದರೆ ಮೈಮರೆತ, ಬೇಸಾವಧ್ ಅಂದರೆ ಎಚ್ಚರವಿಲ್ಲದ. ಎರಡರ ಬಾಲವೂ ಸಂಸ್ಕೃತದ್ದು.

ಪುಣೆಯಲ್ಲಿ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ಕೂತರೆ, ಹುಬ್ಬಳ್ಳಿ-ಧಾರವಾಡದಿಂದ ಬಂದ ಕೇಳುಗರ ಬಾಯಲ್ಲೂ ಈ ಮಾತು ಸಿಗುತ್ತದೆ. ಒಂದು ಎಚ್ಚರಿಕೆ: ತಾಳ ತಪ್ಪಿದ ಬೇತಾಲ್‌ಗೂ ನಮ್ಮ ಕಥೆಯ ಬೇತಾಳನಿಗೂ ಸಂಬಂಧವಿಲ್ಲ. ಅವನು ಸಂಸ್ಕೃತದ ವೇತಾಲ.

## ಇನ್ನೂ ಸ್ವಲ್ಪ ಒಳಕ್ಕೆ

ಬೇ, ನಾ, ಲಾ, ಗೈರ್: ಇಷ್ಟೊಂದು ‘ಇಲ್ಲ’ ಯಾಕೆ ಬೇಕು?

ಪ್ರತಿಯೊಂದಕ್ಕೂ ಅದರದೇ ಕೆಲಸ. ಬೇ ನಾಮಪದದ ಮುಂದೆ ಬರುತ್ತದೆ, ‘ಅದು ಇಲ್ಲದ’ ಎನ್ನುತ್ತದೆ. ನಾ ಸಾಮಾನ್ಯವಾಗಿ ಗುಣವಾಚಕದ ಮುಂದೆ ಬರುತ್ತದೆ, ‘ಅಂಥದಲ್ಲ’ ಎನ್ನುತ್ತದೆ. ಲಾಯಕ್ ಅಂದರೆ ಯೋಗ್ಯ, ನಾಲಾಯಕ್ ಯೋಗ್ಯನಲ್ಲ. ‘ಬೇಲಾಯಕ್’ ಎಂದು ಯಾರೂ ಅನ್ನುವುದಿಲ್ಲ. ನಮ್ಮ ‘ನಾಪತ್ತೆ’ ಈ ನಿಯಮ ಮುರಿದಿದೆ. ಪತ್ತೆ ನಾಮಪದ, ಆದರೂ ನಾ ಹತ್ತಿತು. ಪೇಪರಿನವರಿಗೆ ಈಗ ಅದು ಬಿಟ್ಟರೆ ಬೇರೆ ಪದವೇ ಇಲ್ಲ.

ಲಾ ಅರಬ್ಬಿಯದು. ಹಿಂದಿಯ ಲಾವಾರಿಸ್, ಮರಾಠಿಯ ಬೇವಾರಸ್ ಒಂದೇ ಅರ್ಥ. ಅದೇ ಸ್ಟೇಷನ್ನಲ್ಲಿ ಹಿಂದಿ ಪ್ರಕಟಣೆ ಬಂದಾಗ ಕಿವಿಗೊಟ್ಟು ಕೇಳಿ, ‘ಲಾವಾರಿಸ್’ ಅನ್ನುತ್ತಾರೆ. ಗೈರ್ ಎಂದರೆ ‘ಅದಲ್ಲದ, ಬೇರೆಯದಾದ’. ಗೈರುಹಾಜರಿ ನಮಗೆಲ್ಲ ಶಾಲೆಯಿಂದಲೇ ಗೊತ್ತು.

ಕನ್ನಡದ ಸ್ವಂತ ಪದ್ಧತಿಯೇ ಬೇರೆ. ನಾವು ‘ಇಲ್ಲ’ವನ್ನು ಮುಂದೆ ಅಲ್ಲ, ಹಿಂದೆ ಇಡುತ್ತೇವೆ. ಹೊಣೆಗೇಡಿ, ಲಜ್ಜೆಗೆಟ್ಟ, ದಿಕ್ಕಿಲ್ಲದ. ಅದಕ್ಕೇ ಫಾರಸಿಯ ಬೇ ನಮ್ಮ ಅಚ್ಚಗನ್ನಡ ಪದಗಳಿಗೆ ಅಂಟಲಿಲ್ಲ. ‘ಬೇಮನೆ’, ‘ಬೇನೀರು’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಬೇಜವಾಬ್ದಾರಿ ಎನ್ನುವಲ್ಲಿ ಹೊಣೆಗೇಡಿತನ ಎಂದು ಬರೆದು ನೋಡಿ. ನನಗಂತೂ ಅದರ ಪೆಟ್ಟು ಜೋರಾಗಿ ಕೇಳಿಸುತ್ತದೆ.

ಇವು ನಮ್ಮಲ್ಲಿಗೆ ಬಂದದ್ದು ಯಾವಾಗ? ಬಿಟ್ಟುಬಿಡಬೇಕಾ?

1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು, ಕಲಬುರಗಿ ಅದರ ರಾಜಧಾನಿಯಾಯಿತು. ಆಮೇಲೆ 1686ರವರೆಗೆ ಬಿಜಾಪುರದ ಆದಿಲ್‌ಶಾಹಿ. ಕಂದಾಯ, ಕೋರ್ಟು, ಸೈನ್ಯ, ಜಮೀನಿನ ದಾಖಲೆಯಲ್ಲೆಲ್ಲ ಫಾರಸಿ ಮಾತುಗಳು ಸೇರಿದವು. ಧಾರವಾಡದ ಕಡೆ 1818ರವರೆಗೆ ಪೇಶ್ವೆಯವರ ಆಡಳಿತ, ಆಮೇಲೆ 1956ರವರೆಗೆ ಮುಂಬಯಿ ಪ್ರಾಂತ್ಯದ ಕಚೇರಿಗಳು. ಹೀಗೆ ಮರಾಠಿಯ ಕೈ ದಾಟಿ ಬಂದ ಬೇ ಉತ್ತರ ಕರ್ನಾಟಕದಲ್ಲಿ ಜಾಸ್ತಿ. ಬೇಶಿಸ್ತು, ಬೇಕಾಯದೆ ಅಲ್ಲಿ ಸಹಜ. ಮೈಸೂರಿನ ಕಡೆ ಅಷ್ಟು ಕೇಳಿಸುವುದಿಲ್ಲ.

ಬಿಡಿಸುವ ಪ್ರಯತ್ನ ಹೊಸದೇನಲ್ಲ. ಶಿವಾಜಿಯ ಕಾಲದಲ್ಲೇ ಆಡಳಿತದ ಫಾರಸಿ ಪದಗಳಿಗೆ ಸಂಸ್ಕೃತ ಪದ ಕೊಡಲು ‘ರಾಜವ್ಯವಹಾರಕೋಶ’ ಮಾಡಿಸಿದರು. ಆದರೂ ಮಹಾರಾಷ್ಟ್ರದ ಸೊಸೈಟಿ ಗೇಟಿನ ಮೇಲೆ ಇವತ್ತು ‘ಬೇಕಾಯದೇಶೀರ್ ಪಾರ್ಕಿಂಗ್’ ಎಂದೇ ಬರೆದಿರುತ್ತದೆ. ಬಳಸುವವರ ನಾಲಿಗೆಗೆ ಹತ್ತಿದ ಮಾತನ್ನು ಕಿತ್ತು ಹಾಕಬೇಕೆಂದು ನನಗೆ ಅನಿಸುವುದಿಲ್ಲ. ಜೊತೆಗೆ ನಮ್ಮ ಪದ ಇದ್ದರೆ ಅದನ್ನೂ ಮಕ್ಕಳಿಗೆ ಹೇಳಿಕೊಡೋಣ.

ಇರಾನಿನವರು ‘ಬೀ’ ಅಂತಾರೆ, ನಾವು ‘ಬೇ’ ಅಂತೀವಿ. ನಾವು ಕೆಡಿಸಿದ್ದಾ?

ಇಲ್ಲ, ನಾವು ಹಳೆಯದನ್ನು ಉಳಿಸಿಕೊಂಡಿದ್ದೇವೆ. ‘ಇಲ್ಲದ’ ಎಂಬರ್ಥದ ಈ ಬೇ ಮಧ್ಯಕಾಲದ ಫಾರಸಿಯಲ್ಲಿ ‘ಅಬೇ’. ಮೊದಲ ‘ಅ’ ಬಿದ್ದು ‘ಬೇ’ ಆಯಿತು. ಭಾರತಕ್ಕೆ ಬಂದದ್ದು ಆ ರೂಪ. ಆಮೇಲೆ ಇರಾನಿನಲ್ಲಿ ‘ಏ’ ಸದ್ದು ‘ಈ’ ಜೊತೆ ಬೆರೆತುಹೋಯಿತು. ಸಿಂಹಕ್ಕೆ ‘ಶೇರ್’, ಹಾಲಿಗೆ ‘ಶೀರ್’ ಎಂದು ಮೊದಲು ಬೇರೆ ಬೇರೆ ಇದ್ದವು. ಈಗ ಇರಾನಿನಲ್ಲಿ ಎರಡೂ ‘ಶೀರ್’. ಅಫ್ಘಾನಿಸ್ತಾನದಲ್ಲಿ ಆಡುವ, ‘ದರಿ’ ಎಂಬ ಹೆಸರಿನ ಫಾರಸಿಯಲ್ಲಿ ಇಂದಿಗೂ ವ್ಯತ್ಯಾಸ ಉಳಿದಿದೆ.

ಕನ್ನಡದ್ದೇ ಆದ ‘ಬೇ’ ಪದದ ಮುಂದೆ ಬರೋದೇ ಇಲ್ವಾ?

ಬರುತ್ತದೆ, ಸ್ವಲ್ಪ ವೇಷ ಬದಲಿಸಿಕೊಂಡು. ಬೇ ಅಂದರೆ ಸುಡು, ಕುದಿ. ಇದರಿಂದಲೇ ಬೇಗೆ, ಬೇಸಿಗೆ, ಬೇಯಿಸು. ಭೂತಕಾಲದಲ್ಲಿ ಅದು ‘ಬೆಂದು’. ಪದದ ಮುಂದೆ ‘ಬೆಂ’ ಆಗಿ ನಿಲ್ಲುತ್ತದೆ. ಬೆಂಗಾಡು ಎಂದರೆ ಬಿಸಿಲಿಗೆ ಬೆಂದ ನೆಲ. ಹಳಗನ್ನಡದಲ್ಲಿ ಬೆನ್ನೀರು ಎಂದರೆ ಬಿಸಿನೀರು, ಬೆಂಗದಿರ ಎಂದರೆ ಸೂರ್ಯ, ಸುಡುವ ಕಿರಣದವನು.

ಇಲ್ಲೇ ‘ಬೆಂದಕಾಳೂರು ಬೆಂಗಳೂರಾಯಿತಾ’ ಎಂದೂ ಕೇಳುತ್ತಾರೆ. ಆ ಕಥೆಯನ್ನು ಹೊಯ್ಸಳ ಬಲ್ಲಾಳನ ಹೆಸರಿಗೆ ಕಟ್ಟುತ್ತಾರೆ. ಆದರೆ ಬೇಗೂರಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಸುಮಾರು 890ರಲ್ಲೇ ಇದೆ, ಹೊಯ್ಸಳರಿಗಿಂತ ಎಷ್ಟೋ ಮೊದಲು.

ನಮ್ಮ ಹುಡುಗ ‘ಬೆಳೆ’, ‘ಬೇಳೆ’ ಎರಡನ್ನೂ ಒಂದೇ ಥರ ಬರೀತಾನೆ. ಏನು ಮಾಡೋದು?

ಇದು ಮಹಾರಾಷ್ಟ್ರದಲ್ಲಿ ಬೆಳೆಯುವ ಕನ್ನಡ ಮಕ್ಕಳ ದೊಡ್ಡ ತೊಡಕು, ಹುಡುಗನ ತಪ್ಪಲ್ಲ. ಮರಾಠಿ ಬರೆಯುವ ನಾಗರಿ ಲಿಪಿಯಲ್ಲಿ ‘ಎ’ ‘ಏ’ ಎಂಬ ಎರಡು ಬಗೆ ಇಲ್ಲ, ಒಂದೇ ಗುರುತು. ಅದನ್ನು ಮೊದಲು ಕಲಿತ ಮಗುವಿಗೆ ದೀರ್ಘದ ಗೆರೆ ಸುಮ್ನೆ ಅಲಂಕಾರ ಅನಿಸುತ್ತದೆ. ನಿಯಮ ಹೇಳಿ ಪ್ರಯೋಜನವಿಲ್ಲ, ಅರ್ಥ ಬದಲಾಗುವ ಜೋಡಿಗಳನ್ನು ಕೊಡಿ. ಹೊಲದಲ್ಲಿ ಬೆಳೆ, ಡಬ್ಬಿಯಲ್ಲಿ ಬೇಳೆ. ಹಾಲಿಗೆ ಸಕ್ಕರೆ ಬೆರೆಸು, ಲೋಟ ಬೇರೆ ಇಡು. ಕಬ್ಬಿಣಕ್ಕೆ ಬೆಸುಗೆ, ಮೇ ತಿಂಗಳಲ್ಲಿ ಬೇಸಿಗೆ. ದೀರ್ಘ ಬಂದಾಗಲೆಲ್ಲ ಮಗು ಮೇಜನ್ನು ಎರಡು ಸಲ ತಟ್ಟಲಿ, ಹ್ರಸ್ವಕ್ಕೆ ಒಂದು ಸಲ. ಬರೆಸುವ ಮೊದಲು ಬಾಯಲ್ಲಿ ಸರಿಯಾಗಲಿ. ಕಿವಿಗೆ ವ್ಯತ್ಯಾಸ ಹತ್ತಿದ ಮೇಲೆ ಕೈ ತಪ್ಪುವುದು ಕಡಿಮೆ. ಅಡಿಗೆ ಮನೆಯಲ್ಲಿ ಕುಕ್ಕರ್ ಕೂಗಿದಾಗ ‘ಬೇಳೆ ಬೆಂತಾ?’ ಎಂದು ಅವನ ಕೈಲೇ ಕೇಳಿಸಿ. ಆ ಎರಡೇ ಪದದಲ್ಲಿ ದೀರ್ಘವೂ ಇದೆ, ಹ್ರಸ್ವವೂ ಇದೆ.